ಸಹಾಯ ಬೇಕು: ಎತ್ತರದ ಗಾಡಿಯಿಂದ ಅಮ್ಮನ್ನ ಇಳಿಸೋದು ಹೇಗೆ?

ಎಲ್ರಿಗೂ ನಮಸ್ಕಾರ. ಅಮ್ಮಂಗೆ ಎರಡೂ ಮಂಡಿ ಸವೆದಿದೆ, ಬಲಗಾಲು ಜಾಸ್ತಿ ಮಡಚೋಕಾಗಲ್ಲ, ನಮ್ದು ಎತ್ತರದ ಎಸ್‌ಯುವಿ. ಹತ್ತೋದು ಹೇಗೋ ಆಗತ್ತೆ, ಮೊದ್ಲು ಸೀಟಿಗೆ ಬೆನ್ನು ಮಾಡಿ ಅಂಚಲ್ಲಿ ಕೂತು ಆಮೇಲೆ ಕಾಲು ಒಂದೊಂದಾಗಿ ಒಳಗೆ ತಗೋತಾರೆ. ಕಷ್ಟ ಇರೋದು ಇಳಿಯೋವಾಗ್ಲೇ, ಪಾದ ನೆಲಕ್ಕೆ ತಾಗೋ ಮುಂಚೇನೇ ಸೀಟಿಂದ ಜಾರಿ ಪೂರ್ತಿ ಭಾರ ಮಂಡಿ ಮೇಲೆ ಬೀಳತ್ತೆ, ಬಾಗಿಲು ಹಿಡ್ಕೊಂಡ್ರೆ ಅದೂ ಅಲ್ಲಾಡತ್ತೆ. ಸ್ಟೂಲ್ ಇಟ್ ನೋಡಿದ್ವಿ, ನೆಲ ಏರುಪೇರಿದ್ರೆ ವಾಲತ್ತೆ, ಅಮ್ಮ ಹೆದರಿ ನನ್ ತೋಳು ಬಿಡೋದೇ ಇಲ್ಲ, ನೋಡೋಕೇ ಸಂಕಟ ಆಗತ್ತೆ.

ಈಗ ಗಾಡಿಗೇ ಫಿಕ್ಸ್ ಮಾಡೋ ಸೈಡ್ ಸ್ಟೆಪ್ ಹಾಕಿಸೋಣ ಅಂತಿದೀವಿ, ಆದ್ರೆ ಅದು ಕಿರಿದಾಗಿದ್ರೆ ಪಾದ ಪೂರ್ತಿ ಊರಕ್ಕಾಗಲ್ವಲ್ಲ ಅನ್ನೋದೇ ಗೊಂದಲ. ಮನೇಲಿ ಇಂಥ ಮಂಡಿ ನೋವಿರೋರಿಗೆ ಹಾಕ್ಸಿರೋರು ದಯವಿಟ್ಟು ಹೇಳಿ, ಇಳಿಯೋವಾಗ ಸೈಡ್ ಸ್ಟೆಪ್ ನಿಜವಾಗ್ಲೂ ಉಪಯೋಗಕ್ಕೆ ಬರತ್ತಾ ಅಥವಾ ಕಾಲಿಗೆ ಅಡ್ಡ ಆಗತ್ತಾ?