ಒನ್ ಮೀಟರ್ ದೋಣಿ: ವಿಂಚಿನ ದಾರವನ್ನು ಬ್ಯಾಕ್‌ಸ್ಟೇಗೆ ಕಟ್ಟಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಉದ್ಯೋಗಕ್ಕಾಗಿ ಇಂಗ್ಲೆಂಡಿಗೆ ಬಂದ ಮೇಲೆ ಇಲ್ಲಿನ ಕೆರೆಯಲ್ಲಿ ರೇಡಿಯೋ ಹಾಯಿದೋಣಿ ಓಡಿಸುವುದನ್ನು ಕಲಿತೆ. ಈಚೆಗೆ ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ ಹಳೆಯ ದೋಣಿಯೊಂದನ್ನು ಕೊಂಡಿದ್ದೇನೆ. ಅದರಲ್ಲಿ ಶೀಟ್ (ಹಾಯಿಯನ್ನು ಒಳಗೆಳೆಯುವ ಹಗ್ಗ) ಎಳೆಯುವ ವಿಂಚಿನಿಂದ, ಅಂದರೆ ಮೋಟಾರಿನ ರಾಟೆಯಿಂದ, ಸಣ್ಣ ದಾರವೊಂದು ಬ್ಯಾಕ್‌ಸ್ಟೇಗೆ, ಅಂದರೆ ಕೂವೆಯ (ಹಾಯಿಕಂಬದ) ತುದಿಯಿಂದ ದೋಣಿಯ ಹಿಂಬದಿಗೆ ಬಿಗಿದ ತಂತಿಗೆ ಹೋಗಿದೆ. ಹಾಯಿಯನ್ನು ಪೂರ್ತಿ ಒಳಗೆಳೆದಾಗ ಕೊನೆಯ ಒಂದೆರಡು ಸೆಂಟಿಮೀಟರಿನಲ್ಲಿ ಬ್ಯಾಕ್‌ಸ್ಟೇಯೂ ಬಿಗಿಯುತ್ತದೆ. ಇದಕ್ಕೆಂದು ಹೆಚ್ಚುವರಿ ಸರ್ವೊ (ರೇಡಿಯೋ ಆಜ್ಞೆಯಂತೆ ತಿರುಗುವ ಪುಟ್ಟ ಮೋಟಾರು) ಇಲ್ಲ. ಇಂಥ ದಾರ ಕಟ್ಟಬಾರದೆಂದು ನಿಯಮದಲ್ಲಿ ನನಗೆಲ್ಲೂ ಕಾಣಲಿಲ್ಲ. ಬದಲಿಗೆ ಸಲಕರಣೆ ನಿಯಮಗಳ ವ್ಯಾಖ್ಯೆಯಲ್ಲಿ, ಕೂವೆಯನ್ನು ಹಿಡಿದು ನಿಲ್ಲಿಸುವ ತಂತಿಗಳು ಹೊಂದಿಸಬಲ್ಲವಾಗಿರಬಹುದು ಎಂದೇ ಇದೆ. ಬಳಸಬಹುದೇ?

ಉತ್ತರ: ಬಳಸಬಾರದು. ದಾರವನ್ನು ಬಿಚ್ಚಿಬಿಡಿ.

ನೀವು ಓದಿದ ಸಾಲು ಸರಿಯಾಗಿಯೇ ಇದೆ. ಆದರೆ ವ್ಯಾಖ್ಯೆ ಒಂದು ವಸ್ತು ಏನೆಂದು ಹೇಳುತ್ತದೆಯೇ ಹೊರತು ಅದನ್ನು ನೀರಿನ ಮೇಲೆ ಏನು ಮಾಡಬಹುದೆಂದು ಹೇಳುವುದಿಲ್ಲ. ಆ ಅನುಮತಿ ವರ್ಗದ ನಿಯಮದಿಂದಲೇ ಬರಬೇಕು. ಒನ್ ಮೀಟರ್ ನಿಯಮಗಳು ಮುಚ್ಚಿದ ಬಗೆಯವು. ಮಾಡಬಹುದು ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಮಾಡುವಂತಿಲ್ಲ. ಹಾಗಾಗಿ ನಿಷೇಧ ಎಲ್ಲಿದೆ ಎಂದು ಹುಡುಕುವುದೇ ತಪ್ಪು ದಾರಿ, ಅನುಮತಿ ಎಲ್ಲಿದೆ ಎಂದು ಹುಡುಕಬೇಕು. ರೇಡಿಯೋ ಮೂಲಕ ಅನುಮತಿ ಇರುವುದು ಚುಕ್ಕಾಣಿಗೆ ಮತ್ತು ಶೀಟುಗಳಿಗೆ, ಅಷ್ಟಕ್ಕೇ.

ಇನ್ನೂ ಹತ್ತಿರದಿಂದ ನೋಡಿ. ನಿಮ್ಮ ದಾರ ಎಳೆದಾಗ ಬಿಗಿಯುತ್ತದೆ, ತಳ್ಳಲಾರದು. ಹಾಗಾಗಿ ಅದು ರಿಗ್ಗಿಂಗ್, ಅಂದರೆ ಕೂವೆಗೋ ಹಾಯಿಗೋ ಕಟ್ಟಿದ ಹಗ್ಗ-ತಂತಿಗಳ ಸಾಲಿಗೆ ಸೇರಿದ್ದು. ಅದರ ಮುಖ್ಯ ಕೆಲಸ ಕೂವೆಯ ಬಾಗನ್ನು ಬದಲಿಸುವುದು, ಹಾಗಾಗಿ ರನ್ನಿಂಗ್ ರಿಗ್ಗಿಂಗ್, ಅಂದರೆ ಹೊಂದಿಸಲೆಂದೇ ಇರುವ ಹಗ್ಗ. ಯಾವ ಯಾವ ರನ್ನಿಂಗ್ ರಿಗ್ಗಿಂಗ್ ಇರಬಹುದೆಂದು ವರ್ಗವೇ ಪಟ್ಟಿ ಕೊಟ್ಟಿದೆ. ಆ ಪಟ್ಟಿಯಲ್ಲಿ ನಿಮ್ಮ ದಾರಕ್ಕೆ ಜಾಗವಿಲ್ಲ. ಶೀಟಿಗೆ ಕಟ್ಟಿದ ಮಾತ್ರಕ್ಕೆ ಅದು ಶೀಟ್ ಆಗುವುದಿಲ್ಲ. ಸರ್ವೊಗಳ ಎಣಿಕೆಯೂ ಇಲ್ಲಿ ಮುಖ್ಯವಲ್ಲ.

ಆಸೆ ಅರ್ಥವಾಗುತ್ತದೆ. ಬ್ಯಾಕ್‌ಸ್ಟೇ ಬಿಗಿಯಾದರೆ ಮುಂದಿನ ತಂತಿಯೂ ಬಿಗಿದು, ಗಾಳಿಗೆ ಎದುರಾಗಿ ಹೋಗುವಾಗ ಜಿಬ್ ಹಾಯಿಯ (ಕೂವೆಯ ಮುಂದಿರುವ ಹಾಯಿಯ) ಮುಂದಿನ ಅಂಚು ನೇರವಾಗಿ ನಿಲ್ಲುತ್ತದೆ. ಗಾಳಿ ಬೆನ್ನಿಗಿರುವಾಗ ಸಡಿಲವಿದ್ದರೆ ಒಳ್ಳೆಯದು. ಎರಡೂ ಬೇಕೆನಿಸುವುದು ಸಹಜ. ಆದರೆ 1988ರಲ್ಲಿ ಹುಟ್ಟಿದ ಈ ವರ್ಗದ ಸೊಗಸೇ ಅದರ ಸರಳತೆ: ಒಂದು ಮೀಟರಿನೊಳಗಿನ ಒಡಲು, ನಾಲ್ಕು ಕಿಲೋಗಿಂತ ಕಡಿಮೆಯಿಲ್ಲದ ತೂಕ, ಎರಡೇ ನಿಯಂತ್ರಣ. ದಡದಲ್ಲಿ ನಿಂತು ಗಾಳಿಯನ್ನು ಓದಿ, ರೇಸಿಗೆ ಮೊದಲೇ ಬ್ಯಾಕ್‌ಸ್ಟೇಯನ್ನು ಒಂದು ಬಿಗಿಗೆ ಒಪ್ಪಿಸಿಬಿಡುವುದು ಇಲ್ಲಿ ಚಾಲಕನ ಕೌಶಲ. ಅದನ್ನು ಕಳೆದುಕೊಳ್ಳಲು ನನಗಂತೂ ಮನಸ್ಸಿಲ್ಲ. ಎರಡು ರೇಸುಗಳ ನಡುವೆ ದೋಣಿಯನ್ನು ಎತ್ತಿಕೊಂಡು ಕೈಯಿಂದ ಹೊಂದಿಸಿಕೊಳ್ಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಮರುಪ್ರಶ್ನೆ: ಆದರೆ ಸರ್, ದೋಣಿಗೆ ಅಳತೆಯ ಪ್ರಮಾಣಪತ್ರ ಇದೆಯಲ್ಲ?

ಉತ್ತರ: ನಾನೇ ಅಳತೆಗಾರನಾಗಿ ಹೇಳುತ್ತಿದ್ದೇನೆ, ಆ ಕಾಗದ ನಿಮಗೆ ರಕ್ಷಣೆಯಲ್ಲ. ನಿಯಮಪುಸ್ತಕದ ಎಫ್ ವಿಭಾಗ ರಿಗ್ (ಕೂವೆ, ತಂತಿಗಳ ಜೋಡಣೆ) ಹೇಗಿರಬೇಕೆಂದು ಹೇಳಿದರೆ, ರೇಸಿನಲ್ಲಿ ಅದನ್ನು ಹೇಗೆ ಬಳಸಬೇಕೆಂಬುದು ಸಿ ವಿಭಾಗದಲ್ಲಿದೆ. ಹೊಸಬರು ಎಫ್ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಅಳತೆಯಾದ ಮೇಲೆ ಕಟ್ಟಿದ ದಾರ ಪ್ರಮಾಣಪತ್ರಕ್ಕೆ ಗೊತ್ತಿರುವುದೂ ಇಲ್ಲ. ದೋಣಿಯನ್ನು ನಿಯಮಕ್ಕೆ ತಕ್ಕಂತೆ ಇಟ್ಟುಕೊಳ್ಳುವ ಹೊಣೆ ಮಾಲೀಕರದು, ಈಗ ಅದು ನಿಮ್ಮದು.

ಇನ್ನೊಬ್ಬ ಸದಸ್ಯರು: ಮಾರ್ಬಲ್‌ಹೆಡ್ ದೋಣಿಗಳಲ್ಲಿ ಇಡೀ ರಿಗ್ ತಿರುಗುವುದನ್ನೇ ನೋಡಿದ್ದೇನೆ. ಅಲ್ಲಿ ಹೇಗೆ ಸರಿ?

ಉತ್ತರ: ಅದು ಬೇರೆ ವರ್ಗ ಮೇಡಂ. 50 ಇಂಚು ಉದ್ದ, 800 ಚದರ ಇಂಚು ಹಾಯಿ ಎಂಬ ಮಿತಿಗಳ ಮೇಲೆ ಅಮೆರಿಕದಲ್ಲಿ ಬೆಳೆದದ್ದು. ಹೊಸ ಪ್ರಯೋಗಗಳಿಗೆಂದೇ ಅಲ್ಲಿ ಬಾಗಿಲು ತೆರೆದಿಟ್ಟಿದ್ದಾರೆ. ಒಂದು ವರ್ಗದ ರೂಢಿಯನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ತರಬೇಡಿ.

ಮರುಪ್ರಶ್ನೆ: ಕೊನೆಯದು ಸರ್. ನಿಮ್ಮ ಉತ್ತರವನ್ನು ಒಪ್ಪದ ಯಾರಾದರೂ ರೇಸಿನಲ್ಲಿ ವಾದಿಸಿದರೆ?

ಉತ್ತರ: ವಾದಿಸಲಿ. ಈ ಗುಂಪಿನಲ್ಲಿ ನಾನು ಬರೆದದ್ದು ತೀರ್ಪಲ್ಲ. ಪ್ರೊಟೆಸ್ಟ್ (ನಿಯಮ ಮುರಿದರೆಂಬ ಆಕ್ಷೇಪಣೆ) ಸಲ್ಲಿಕೆಯಾದರೆ ಸಮಿತಿ ವಿಚಾರಿಸುತ್ತದೆ. ವರ್ಗ ನಿಯಮದ ಅರ್ಥದಲ್ಲೇ ಸಮಿತಿಗೆ ಸಂಶಯವಿದ್ದರೆ, ಆ ನಿಯಮವನ್ನು ವ್ಯಾಖ್ಯಾನಿಸುವ ಅಧಿಕಾರವಿರುವ ಸಂಸ್ಥೆಗೆ ಸಂಗತಿಗಳ ಸಮೇತ ಪ್ರಶ್ನೆ ಕಳಿಸಬೇಕು, ಬಂದ ಉತ್ತರಕ್ಕೆ ಬದ್ಧವಾಗಿರಬೇಕು. ಇನ್ನು ಹಳೆಯ ಹಾಯಿ ಬಳಕೆಯಿಂದ ತುಸು ಹಿಗ್ಗಿ ಅಳತೆ ಮೀರಿದಂಥ ಪ್ರಕರಣ ಬೇರೆ. ಅದರಿಂದ ವೇಗ ಹೆಚ್ಚಿಲ್ಲವೆಂದು ಸಮಿತಿಗೆ ಮನವರಿಕೆಯಾದರೆ ಶಿಕ್ಷೆಯಿಲ್ಲ, ಆದರೆ ಸರಿಪಡಿಸಲು ಅವಕಾಶ ಸಿಕ್ಕಿದ್ದರೆ ಸರಿಪಡಿಸಿಯೇ ಮತ್ತೆ ನೀರಿಗಿಳಿಸಬೇಕು. ನಿಮ್ಮ ದಾರಕ್ಕೆ ಆ ರಿಯಾಯಿತಿ ಸಿಗುವುದಿಲ್ಲ, ಅದು ಸವೆತದಿಂದ ಬಂದದ್ದಲ್ಲ.