ಹತ್ತನೇ ತರಗತಿ ಅರ್ಥಶಾಸ್ತ್ರ: ವಿತ್ತೀಯ ಕೊರತೆ ಪಾಠಕ್ಕೆ ತಯಾರಿ ಹೆಂಗ?

ಸೇಡಂ ಸಮಾಜ:
ಸಮಾಜ ವಿಜ್ಞಾನಕ್ಕೆಲ್ಲ ಒಬ್ಬರೇ ಶಿಕ್ಷಕರು. ಪದವಿಯಲ್ಲಿ ಓದಿದ್ದು ಇತಿಹಾಸ, ಕಲಿಸಬೇಕಾದ್ದು ಸಾರ್ವಜನಿಕ ಹಣಕಾಸು. ಮಕ್ಕಳು ವಿತ್ತೀಯ ಕೊರತೆ ಅಂದ್ರ ಏನಂತ ಗಡಗಡ ಒಪ್ಪಿಸ್ತಾರ, ಅಂಕಿ ಕೊಟ್ಟರ ಮಾತ್ರ ಪೆನ್ ಓಡಲ್ಲ. ನೋಟ್ಸ್ ಇದಾವ, ಅದರಿಂದ ಕೆಲಸ ಆಗವಲ್ದು. ಕ್ಲಾಸಿಗೆ ಹೋಗೋ ಮುಂಚೆ ಏನು ತಯಾರಿ ಮಾಡ್ಕೋಬೇಕ್ರಿ?

ಬಜೆಟ್ ಮಾಸ್ತರ:
ನೋಟ್ಸ್ ಬದಿಗಿಡ್ರಿ. ಒಂದು ಲೆಕ್ಕ ಮಾಡ್ಕೊಳ್ರಿ, ಬರಬಹುದಾದ ತಪ್ಪು ಉತ್ತರಗಳನ್ನೂ ಪಕ್ಕದಾಗ ಬರ್ಕೊಳ್ರಿ. ಸರ್ಕಾರದ ಒಟ್ಟು ವೆಚ್ಚ 100 ಕೋಟಿ, ರಾಜಸ್ವ ಸ್ವೀಕೃತಿ (ತೆರಿಗೆ, ಶುಲ್ಕದಂಥ ಆದಾಯ) 70, ಹಿಂದೆ ಕೊಟ್ಟ ಸಾಲದ ವಸೂಲಿ ಮತ್ತು ಷೇರು ಮಾರಾಟದಿಂದ 5, ಹೊಸ ಸಾಲ 25. ಒಟ್ಟು ವೆಚ್ಚದಾಗ, ಸಾಲ ಬಿಟ್ಟು ಬಂದ ದುಡ್ಡೆಲ್ಲ ಕಳೆದರ ಉಳಿಯೋದು ವಿತ್ತೀಯ ಕೊರತೆ; ಇಲ್ಲಿ 25.

30 ಬರೆದವನು ಆ 5 ಕೋಟಿ ಬಿಟ್ಟಾನ. ಸೊನ್ನೆ ಬರೆದವಳು ಸಾಲವನ್ನೂ ಆದಾಯಕ್ಕೆ ಕೂಡಿಸ್ಯಾಳ. ಎರಡಕ್ಕೂ ಕೆಂಪು ಗೆರೆ ಎಳೆದು ಸೂತ್ರ ಮತ್ತೆ ಬರಿಸಿದರ ಇಬ್ಬರಿಗೂ ಉಪಯೋಗಿಲ್ಲ. ಕೇಳಬೇಕಾದ್ದು ಇಷ್ಟೇ: “ಈ ದುಡ್ಡು ತಿರುಗಿ ಕೊಡಬೇಕೇನು?” ಷೇರು ಮಾರಿದ್ದು ಕೊಡಬೇಕಿಲ್ಲ, ಕಳೀರಿ. ಸಾಲ ಕೊಡಬೇಕು, ಕಳೀಬ್ಯಾಡ್ರಿ.

ತೊಗರಿ ಹೊಲ:
ಅದಕ್ಕೂ ಮುಂಚೆ ರೈತನ ಮನಿ ಲೆಕ್ಕ ಹಚ್ರಿ. ತೊಗರಿ ಮಾರಿದ್ದು ರಾಜಸ್ವ. ಎತ್ತು ಮಾರಿದ್ದು ಬಂಡವಾಳ ಸ್ವೀಕೃತಿ, ಆದರ ಸಾಲ ಅಲ್ಲ. ಸೊಸೈಟಿಯಿಂದ ತಂದದ್ದು ಸಾಲ, ಅದೂ ಬಂಡವಾಳ ಸ್ವೀಕೃತಿನೇ. ಬೀಜ, ಗೊಬ್ಬರ, ಕೂಲಿ ರಾಜಸ್ವ ವೆಚ್ಚ; ಬೋರ್ ಹಾಕಿಸಿದ್ದು ಬಂಡವಾಳ ವೆಚ್ಚ.

ಮಕ್ಕಳು ಎಡವೋದು ಬಡ್ಡಿಯಲ್ಲಿ. ಸಾಲ ಬಂಡವಾಳದ ಕಡೆ ಐತಿ, ಬಡ್ಡಿನೂ ಅಲ್ಲೇ ಅಂತಾರ. ಬಡ್ಡಿ ಕಟ್ಟಿದರ ಆಸ್ತಿ ಬರಲ್ಲ, ಅಸಲೂ ಇಳಿಯಲ್ಲ. ಹಂಗಾಗಿ ರಾಜಸ್ವ ವೆಚ್ಚ. ಮೇಲಿನ 100 ಕೋಟಿಯೊಳಗ ಬಡ್ಡಿ 10 ಇದ್ದರ ಪ್ರಾಥಮಿಕ ಕೊರತೆ (ವಿತ್ತೀಯ ಕೊರತೆಯಾಗ ಬಡ್ಡಿ ಕಳೆದದ್ದು) 15. ಕಳೆಯೋ ಬದಲು ಕೂಡಿಸಿ 35 ಅನ್ನೋರೂ ಇರ್ತಾರ.

ಬೀದರ್ ಓದುಗ:
ಕಟ್ಟಡ ಅಂದ ಕೂಡಲೇ ಬಂಡವಾಳ ವೆಚ್ಚ ಅಂತ ಬರೆಸಬೇಡಿ. ಕೇಂದ್ರ ಕೊಟ್ಟ ಅನುದಾನದಲ್ಲಿ ರಾಜ್ಯ ಶಾಲಾ ಕೊಠಡಿ ಕಟ್ಟಿದರೆ, ಕೇಂದ್ರದ ಲೆಕ್ಕದಲ್ಲಿ ಅದು ರಾಜಸ್ವ ವೆಚ್ಚವೇ. ಕೊಠಡಿ ಕೇಂದ್ರದ ಆಸ್ತಿಯಲ್ಲವಲ್ಲ! ರಾಜಸ್ವ ಕೊರತೆಯಿಂದ (ರಾಜಸ್ವ ವೆಚ್ಚ ರಾಜಸ್ವ ಸ್ವೀಕೃತಿಗಿಂತ ಹೆಚ್ಚಾದಷ್ಟು ಮೊತ್ತ) ಇಂಥ ಅನುದಾನ ಕಳೆದು ‘ಪರಿಣಾಮಕಾರಿ ರಾಜಸ್ವ ಕೊರತೆ’ ತೋರಿಸುವ ಪದ್ಧತಿ 2011-12ರ ಕೇಂದ್ರ ಬಜೆಟ್‌ನಲ್ಲಿ ಬಂತು. ಮಕ್ಕಳಿಗೆ ಇದು ಬೇಕಿಲ್ಲ, ಕಲಿಸುವವರಿಗೆ ಗೊತ್ತಿರಲಿ.

ಸೇಡಂ ಸಮಾಜ:
ಲೆಕ್ಕದಾಗ ‘ಹೊಸ ಸಾಲ 25’ ಅಂತ ಕೊಟ್ಟರ ಉತ್ತರ ಅಲ್ಲೇ ಕಾಣಸ್ತದಲ್ರಿ. ತೆಗೀಲೇನು?

ಬಜೆಟ್ ಮಾಸ್ತರ:
ಮೊದಲ ದಿನ ಇರಲಿ. ತೆಗೆದರ ಸೊನ್ನೆ ಬರೆಯೋರೇ ಇರಲ್ಲ, ಸಾಲವನ್ನ ಆದಾಯ ಅಂದ್ಕೊಂಡೋರು ಯಾರಂತ ನಿಮಗೆ ಗೊತ್ತಾಗಲ್ಲ. ಎರಡನೇ ಲೆಕ್ಕದಾಗ ತೆಗೀರಿ.