ಸ್ಟೋರ್ ರೂಮನ್ನು ಬಾತ್‌ರೂಮ್ ಮಾಡ್ತಿದೀವಿ: 4×7 ಅಡಿಯಲ್ಲಿ ಅತ್ತೆಗೆ ಅನುಕೂಲ ಆಗೋ ಹಾಗೆ ಹೇಗೆ ಜೋಡಿಸೋದು?

ತ್ಯಾಗರಾಜನಗರದ ಸೊಸೆ:

ನಮ್ಮದು 20×30 ಸೈಟಿನ ಹಳೇ ಮನೆ. ಕೆಳಗೆ ಇರೋದು ಒಂದೇ ಬಾತ್‌ರೂಮು, ಅದೂ ನಮ್ಮ ಬೆಡ್‌ರೂಮಿಗೆ ಅಂಟಿಕೊಂಡಿದೆ. ಅರಕಲಗೂಡಿನಿಂದ ಅತ್ತೆ ಇನ್ನು ಮುಂದೆ ಇಲ್ಲೇ ಇರೋಕೆ ಬರ್ತಿದಾರೆ. 74 ವರ್ಷ, ಮಂಡಿ ಆಪರೇಷನ್ ಆಗಿ ಮೂರು ತಿಂಗಳು, ಓಡಾಟ ಎಲ್ಲ ವಾಕರ್ ಹಿಡ್ಕೊಂಡೇ. ರಾತ್ರಿ ಎರಡು ಗಂಟೆಗೆ ಮಗ-ಸೊಸೆ ರೂಮಿನ ಬಾಗಿಲು ತಟ್ಟೋಕೆ ಅವರಿಗೂ ಸಂಕೋಚ, ನಮಗೂ.

ಊಟದ ಹಾಲ್ ಪಕ್ಕ ಒಂದು ಸ್ಟೋರ್ ರೂಮ್ ಇದೆ. ಅಕ್ಕಿ ಡ್ರಮ್ಮು, ಗೌರಿ-ಗಣೇಶ ಹಬ್ಬದ ಮಂಟಪ, ಯಾರೂ ಓದದ ಪುಸ್ತಕ ಎಲ್ಲ ಅದರಲ್ಲೇ. ಅಗಲ 4 ಅಡಿ, ಉದ್ದ 7 ಅಡಿ. ಒಂದು ತುದಿಯಲ್ಲಿ ಊಟದ ಹಾಲಿಗೆ ತೆರೆಯೋ ಬಾಗಿಲು, ಇನ್ನೊಂದು ತುದಿಯಲ್ಲಿ ಕಿಟಕಿ. ಕಿಟಕಿ ಆಚೆ ಸಂದಿ, ಸಂದಿಯಲ್ಲಿ ಚೇಂಬರ್ (ಮನೆಯ ಹೊಲಸು ನೀರು ಸೇರೋ ಗುಂಡಿ). ಎಡಗಡೆ ಉದ್ದನೆಯ ಗೋಡೆ ಆಚೆ ಮೆಟ್ಟಿಲ ಕೆಳಗಿನ ಓಣಿ, ಸುಮಾರು ಮೂರೂಕಾಲು ಅಡಿ ಅಗಲ.

ಮೇಸ್ತ್ರಿ ಹೇಳ್ತಿರೋದು: ಕಿಟಕಿ ಗೋಡೆಗೆ ಕಮೋಡ್, ಯಾಕಂದ್ರೆ ಪೈಪು ನೇರ ಹೊರಗೆ ಹೋಗುತ್ತೆ. ಬಾಗಿಲ ಹತ್ರ ಸ್ನಾನ, ಮೂಲೆಯಲ್ಲೊಂದು ಬೇಸಿನ್. ನಮ್ಮೆಜಮಾನ್ರು ಫೋನಲ್ಲಿ ವಿಡಿಯೋ ನೋಡಿ ಗಾಜಿನ ಪಾರ್ಟಿಷನ್ನು, ಗೋಡೆಗೆ ನೇತಾಡೋ ಕಮೋಡ್ ಅಂತಿದಾರೆ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಮೋಡ್ ಬದಲು ಪ್ಲಾಸ್ಟಿಕ್ ಕುರ್ಚಿ ಇಟ್ಟು, ಪಕ್ಕದ ಮನೆಯವರ ವಾಕರ್ ತಂದು ನಡೆದು ನೋಡಿದೆ. ಬಾಗಿಲಲ್ಲೇ ಸ್ನಾನದ ಜಾಗ ಅಂದ್ರೆ ಕಮೋಡಿಗೆ ಹೋಗೋಕೆ ದಿನಾ ಒದ್ದೆ ನೆಲ ದಾಟಬೇಕು. ಅದೇ ನನ್ನ ಭಯ. ಅತ್ತೆ ಶವರ್ ಕೆಳಗೆ ನಿಲ್ಲೋರಲ್ಲ. ಬಕೆಟ್ಟು, ಚೊಂಬು, ಕೂರೋಕೆ ಮಣೆ, ಅಷ್ಟೇ. ಈಗ ಮಣೆ ಬದಲು ಎತ್ತರದ ಸ್ಟೂಲು.

ಬೇರೆ ದಾರಿ ಇದೆಯಾ?

ಗಾರೆ ಕೆಲಸದವನು:

ಅಕ್ಕಾ, ಮೊದಲು ಅಳತೆ ಸರಿಮಾಡ್ಕೊಳ್ಳಿ. ನೀವು ಹೇಳಿದ 4 ಅಡಿ ಈಗಿನ ಗೋಡೆಯದ್ದು. ವಾಟರ್‌ಪ್ರೂಫಿಂಗು, ಗಾರೆ, ಟೈಲ್ಸು ಎಲ್ಲ ಸೇರಿ ಒಂದೊಂದು ಕಡೆ ಇಂಚಿನಷ್ಟು ತಿನ್ನುತ್ತೆ. ಕೈಗೆ ಸಿಗೋದು 46 ಇಂಚು ಅಂತಲೇ ಲೆಕ್ಕ ಹಾಕಿ, ಉದ್ದ 82.

ನಿಮ್ಮ ಸೀಮೆಸುಣ್ಣದ ಗೆರೆ ಸರಿಯಾಗೇ ಹೇಳಿದೆ. ಪೈಪಿಗೆ ಹತ್ರ ಅಂತ ಕಮೋಡ್ ಇಡೋದು ಮೇಸ್ತ್ರಿಗೆ ಅನುಕೂಲ, ಮನೆಯೋರಿಗಲ್ಲ. ನಿಮ್ಮದು ನೆಲಮಹಡಿ, ಅಗೆಯಬಹುದು. ಏಳಡಿ ಪೈಪು ನೆಲದಡಿ ತರೋದು ಒಂದು ದಿನದ ಕೆಲಸ. 4 ಇಂಚಿನ ಪೈಪಿಗೆ ಅಷ್ಟು ದೂರಕ್ಕೆ ಎರಡು ಇಂಚು ಇಳಿತ ಕೊಟ್ರೆ ಸಾಕು. ಚೇಂಬರಿನ ಆಳ ಅದಕ್ಕಿಂತ ಕೆಳಗಿದೆಯಾ ಅಂತ ಮಾತ್ರ ಮುಚ್ಚಳ ತೆಗೆದು ನೋಡಿ.

ನಾನಾಗಿದ್ರೆ ಊಟದ ಹಾಲಿನ ಬಾಗಿಲನ್ನೇ ಮುಚ್ಚಿಬಿಡ್ತಿದ್ದೆ. ಓಣಿ ಕಡೆ ಗೋಡೆ ಒಡೆದು ಅಲ್ಲಿ ಬಾಗಿಲು. ಅದು ನಾಲ್ಕೂವರೆ ಇಂಚಿನ ಗೋಡೆನಾ, ಮೆಟ್ಟಿಲ ಭಾರ ಅದರ ಮೇಲೆ ಕೂತಿದೆಯಾ ಅಂತ ಇಂಜಿನಿಯರ್ ಒಬ್ಬರಿಗೆ ತೋರಿಸಿ. ಒಡೆಯೋ ಮುಂಚೆ ಲಿಂಟಲ್, ಅಂದ್ರೆ ಬಾಗಿಲ ಮೇಲಿನ ಭಾರ ಹೊರೋ ತೊಲೆ. ಆಮೇಲೆ ಕಮೋಡ್ ಹಾಲ್ ಕಡೆ ತುದಿಗೆ, ಕಿಟಕಿ ಕಡೆ ಮುಖ ಮಾಡಿ. ಕಿಟಕಿ ಕೆಳಗೆ ಮೂರಡಿ ನೀರಿನ ಜಾಗ. ಬಾಗಿಲು ಇವೆರಡರ ಮಧ್ಯೆ, ಸ್ವಲ್ಪ ಕಮೋಡ್ ಕಡೆಗೇ. ಒಳಗೆ ಬಂದ ತಕ್ಷಣ ಕಾಲಿಡೋದು ಒಣ ನೆಲದ ಮೇಲೆ.

ಕಮೋಡಿನ ಮಧ್ಯ ಬಾಗಿಲ ಎದುರು ಗೋಡೆಯಿಂದ 18 ಇಂಚಿಗೆ ಬರಲಿ. ಆ ಗೋಡೆಗೆ ಹಿಡ್ಕೊಂಡು ಏಳೋಕೆ ಒಂದು ಹಿಡಿ, ಇನ್ನೊಂದು ಪಕ್ಕ ನೀವು ನಿಂತು ಎಬ್ಬಿಸೋಕೆ ಜಾಗ.

ಮೂರನೇ ಮಹಡಿ ಮೂಲೆಮನೆ:

ಮೇಲಿನವರು ಹೇಳಿದ್ದು ಓದಿ ಹೊಟ್ಟೆಕಿಚ್ಚಾಯ್ತು. ನಮ್ಮದು ಸರ್ಜಾಪುರ ರಸ್ತೆಯ ಫ್ಲಾಟು. ಕಮೋಡ್ ಒಂದಡಿ ಸರಿಸೋಣ ಅಂದ್ರೂ ಕೆಳಗಿನ ಮನೆಯವರ ಚಾವಣಿ ನೆನಪಿಗೆ ಬರುತ್ತೆ. ನೆಲ ಅಗೆಯೋ ಸೌಭಾಗ್ಯ ಇರೋರು ಬಿಡಬೇಡಿ.

ಗಾಜಿನ ವಿಷಯ. ಹಾಕಿಸಿದೀನಿ, ಪಶ್ಚಾತ್ತಾಪ ಪಡ್ತಿದೀನಿ. ನಮಗೆ ಬರೋದು ಬೋರ್‌ವೆಲ್ಲು, ಟ್ಯಾಂಕರು. ಆ ಗಡಸು ನೀರಿಗೆ ಎರಡೇ ವಾರದಲ್ಲಿ ಗಾಜಿನ ಮೇಲೆ ಬಿಳಿ ಪೊರೆ. ವಿನೆಗರ್ ಹಾಕಿ ಉಜ್ಜೋದು ನಾನೇ, ಯಜಮಾನರಲ್ಲ. ನಿಮಗೆ ಕಾವೇರಿ ಬರಬಹುದು, ಆದ್ರೂ ಬೇಸಿಗೆಯಲ್ಲಿ ಏನು ಬರುತ್ತೋ ಯಾರಿಗೆ ಗೊತ್ತು. ವಾಕರ್ ಇರೋ ಕಡೆ ಗಾಜು ಬೇಡವೇ ಬೇಡ.

ನೇತಾಡೋ ಕಮೋಡಿಂದ ಜಾಗ ಉಳಿಯುತ್ತೆ ಅನ್ನೋದು ಅರ್ಧ ಸುಳ್ಳು. ಕಮೋಡೇನೋ ಗಿಡ್ಡ, ಆದ್ರೆ ಅದರ ಹಿಂದೆ ಟ್ಯಾಂಕ್ ಅಡಗಿಸೋಕೆ ಐದಾರು ಇಂಚಿನ ಗೋಡೆ ಕಟ್ಟಬೇಕು. ಕೂಡಿಸಿದ್ರೆ ಅಲ್ಲಿಗಲ್ಲಿಗೇ. ಬೇಕಾದ ಎತ್ತರಕ್ಕೆ ಕೂರಿಸಬಹುದು ಅನ್ನೋದೊಂದೇ ಲಾಭ.

ವಾಸ್ತು ಭಕ್ತ:

ಈಶಾನ್ಯದಲ್ಲಿ ಕಮೋಡ್ ಬರ್ತಿದೆಯಾ ನೋಡ್ಕೊಳ್ಳಿ ಮೇಡಂ.

ತ್ಯಾಗರಾಜನಗರದ ಸೊಸೆ:

ಸಾರ್, 20×30ರಲ್ಲಿ ಯಾವ ಮೂಲೆ ಹಿಡಿದ್ರೂ ಅದು ಯಾವುದೋ ಒಂದರ ಈಶಾನ್ಯವೇ! ತಮಾಷೆಗೆ ಹೇಳಿದೆ, ಬೇಜಾರಾಗ್ಬೇಡಿ. ಇದು ನೈಋತ್ಯಕ್ಕೆ ಹತ್ರ.

ಗಾರೆಯಣ್ಣ, ಓಣಿ ಬಾಗಿಲು ತಲೆಗೇ ಹೊಳೆದಿರ್ಲಿಲ್ಲ. ಉಣ್ಣೋ ಜಾಗಕ್ಕೆ ಎದುರಾಗಿ ಬಾತ್‌ರೂಮ್ ಬಾಗಿಲು ಇರುತ್ತಲ್ಲ ಅಂತ ಅತ್ತೆ ಮೊದಲೇ ಗೊಣಗಿದ್ರು, ಅದೂ ತೀರಿತು. ಆದ್ರೆ ಬೇಸಿನ್ ಎಲ್ಲಿ? ಬಾಗಿಲು ಎಷ್ಟು ಅಗಲ? ಗೀಸರ್ 3 ಲೀಟರಿನದು ಸಾಕಾ?

ಗಾರೆ ಕೆಲಸದವನು:

ಬೇಸಿನ್ ಒಳಗೆ ಬೇಡ. ಮುಚ್ಚೋ ಹಳೇ ಬಾಗಿಲಿದೆಯಲ್ಲ, ಅದೇ ಜಾಗದಲ್ಲಿ ಹಾಲ್ ಕಡೆ ಮುಖ ಮಾಡಿ ಹಾಕಿ. ಊಟ ಆದ್ಮೇಲೆ ಕೈ ತೊಳೆಯೋಕೂ ಅದೇ. ಹಿಂದುಗಡೆ ಕಮೋಡ್ ಇರೋದ್ರಿಂದ ನೀರಿನ ಲೈನ್ ಅಲ್ಲೇ ಸಿಗುತ್ತೆ, ಹೊಲಸು ನೀರಿನ ಪೈಪು ಅದೇ ಅಗೆತದಲ್ಲಿ ಹೋಗುತ್ತೆ.

ಬಾಗಿಲು ಎರಡೂವರೆ ಅಡಿಗಿಂತ ಕಡಿಮೆ ಬೇಡ, ವಾಕರ್ ತೂರಬೇಕಲ್ಲ. ತೆರೆಯೋದು ಹೊರಗೆ, ಓಣಿ ಕಡೆಗೆ. ದೇವರು ಹಾಗೆ ಮಾಡದಿರಲಿ, ಒಳಗೆ ಬಿದ್ರೆ ಒಳಗೆ ತೆರೆಯೋ ಬಾಗಿಲಿಗೆ ಅವರೇ ಅಡ್ಡ ಆಗ್ತಾರೆ. ಚಿಲಕ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸೋ ಥರದ್ದು ಹಾಕಿಸಿ. ಎತ್ತರದ ಹೊಸ್ತಿಲು ಬೇಡ. ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ತೂತು) ಕಿಟಕಿ ಕೆಳಗಿನ ಮೂಲೆಗೆ, ಬಾಗಿಲಿಂದ ಅಲ್ಲಿಗೆ ವಾಟ, ಅಂದ್ರೆ ಇಳಿಜಾರು. ಏಳಡಿಗೆ ಒಂದು ಇಂಚು ಸಾಕು, ಜಾಸ್ತಿ ಕೊಟ್ರೆ ಸ್ಟೂಲು ಅಲುಗಾಡುತ್ತೆ. ನೆಲಕ್ಕೆ ಜಾರದ ಟೈಲ್ಸೇ ಹಾಕಿಸಿ, ಹೊಳಪಿಂದು ಬೇಡ.

ಹಿಡಿ ಎಲ್ಲಿ ಬರುತ್ತೆ ಅಂತ ಟೈಲ್ಸಿಗೆ ಮುಂಚೆಯೇ ಗುರುತು ಮಾಡಿ. ಹಳೇ ಗೋಡೆಯಲ್ಲಿ ಇಟ್ಟಿಗೆ ಪುಡಿಯಾಗಿದ್ರೆ ಅಷ್ಟು ಭಾಗ ಕಾಂಕ್ರೀಟ್ ತುಂಬಿಸಿ. ಮೈಭಾರವೆಲ್ಲ ಅದರ ಮೇಲೇ ಬೀಳೋದು.

ಗೀಸರ್ 15 ಲೀಟರಿಂದು. ಬಕೆಟ್ ಸ್ನಾನಕ್ಕೆ 3 ಲೀಟರು ಸಾಲಲ್ಲ, ಡಿಸೆಂಬರ್ ಬೆಳಗ್ಗೆ ಬಕೆಟ್ ತುಂಬೋಷ್ಟರಲ್ಲಿ ಉಗುರುಬೆಚ್ಚಗೆ ಆಗುತ್ತೆ. ಕಮೋಡ್ ಮೇಲೆ ಏಳಡಿ ಎತ್ತರಕ್ಕೆ, ನೀರು ಹಾರದ ಕಡೆ. ಸ್ವಿಚ್ಚು ಓಣಿಯಲ್ಲಿ.

ಮುಖ್ಯವಾದ್ದು ಮರೆತಿದ್ದೆ. ಪೈಪು ಹಾಕಿಸೋ ಮುಂಚೆ ಕಮೋಡ್ ಕೊಂಡ್ಬಿಡಿ. ನೆಲಕ್ಕೆ ಇಳಿಯೋ ಮಾಡೆಲ್ಲಿಗೆ ಗೋಡೆಯಿಂದ 9 ಇಂಚಿಗೂ ತೂತು ಬರುತ್ತೆ, 12 ಇಂಚಿಗೂ ಬರುತ್ತೆ. ಆ ಅಳತೆ ಟೈಲ್ಸ್ ಆದ ಗೋಡೆಯಿಂದ. ಮೂರು ಇಂಚು ತಪ್ಪಿ ಕಮೋಡ್ ವಾಪಸ್ ಹೊತ್ಕೊಂಡು ಹೋಗಿದ್ದು ನಾನೇ ನೋಡಿದೀನಿ.

ಮೂರನೇ ಮಹಡಿ ಮೂಲೆಮನೆ:

ವಾಟರ್‌ಪ್ರೂಫಿಂಗ್ ಆದ್ಮೇಲೆ ಟ್ರ್ಯಾಪಿಗೆ ಬಟ್ಟೆ ತುರುಕಿ ಎರಡು ದಿನ ನೀರು ನಿಲ್ಲಿಸಿ. ನೆಲಮಹಡಿಯಾದ್ರೂ ಪಕ್ಕದ ಗೋಡೆಗೆ ತೇವ ಏರುತ್ತೆ. ಮೇಸ್ತ್ರಿ 'ಏನಾಗಲ್ಲ ಬಿಡಿ ಮೇಡಂ' ಅಂದ್ರೆ ಒಪ್ಕೋಬೇಡಿ. ನಾನು ಒಪ್ಕೊಂಡಿದ್ದೆ.

ತ್ಯಾಗರಾಜನಗರದ ಸೊಸೆ:

ಚೇಂಬರ್ ಮುಚ್ಚಳ ತೆಗೆಸಿದೆ, ಎರಡಡಿ ಆಳ ಇದೆ. ಇಂಜಿನಿಯರ್ ಬಂದು ಗೋಡೆ ತಟ್ಟಿ ನೋಡಿ, ಮೆಟ್ಟಿಲ ಭಾರ ಅದರ ಮೇಲಿಲ್ಲ, ಒಡೀಬಹುದು ಅಂದ್ರು. ಗಾಜು ರದ್ದು. ಯಜಮಾನರು ಎರಡು ದಿನ ಮುಖ ಊದಿಸ್ಕೊಂಡಿದ್ರು, ಈಗ ಬೇಸಿನ್ ಮೇಲಿನ ಕನ್ನಡಿ ಆರಿಸೋ ಕೆಲಸ ವಹಿಸಿದೀನಿ.

ಹೊಸದಾಗಿ ಗೆರೆ ಎಳೆದು, ಫೋಟೋ ತೆಗೆದು ಅತ್ತೆಗೆ ಕಳಿಸಿದೆ. ಕಮೋಡ್, ಹಿಡಿ, ಗೀಸರ್ ಯಾವುದನ್ನೂ ಕೇಳಲಿಲ್ಲ. 'ಉಡೋ ಸೀರೆ ಒದ್ದೆಯಾಗದ ಹಾಗೆ ಎಲ್ಲಿ ನೇತುಹಾಕ್ಲಿ? ಮೊಳೆ ನಿನ್ನೆತ್ತರಕ್ಕೆ ಹೊಡೆಸಬೇಡ ಕಣೆ, ನನಗೆ ಕೈ ಮೇಲೆ ಎತ್ತೋಕಾಗಲ್ಲ' ಅಂದ್ರು.

ಕಮೋಡ್ ಪಕ್ಕದ ಗೋಡೆಗೆ, ನಾಲ್ಕೂವರೆ ಅಡಿ ಎತ್ತರಕ್ಕೆ ಒಂದು ಕಂಬಿ. ಗಾರೆಯಣ್ಣ, ಅದು ಹಿಡಿಗೆ ಅಡ್ಡ ಆಗಲ್ಲ ತಾನೆ?